ಮಕ್ಕಳ ಮುಂದಿನ ದಾರಿ: ರುಜು ಹಾಕುವ ಹಕ್ಕು

ಹನ್ನೆರಡನೆಯ ತರಗತಿಯ ಫಲಿತಾಂಶ ಬರುವ ದಿನಗಳಲ್ಲಿ ನಮ್ಮವರ ಮನೆಗಳಲ್ಲಿ ನಡೆಯುವ ಚರ್ಚೆ, ಊರು ಮುಂಬಯಿಯಾಗಲಿ ದೆಹಲಿಯಾಗಲಿ, ಹೆಚ್ಚುಕಡಿಮೆ ಒಂದೇ ರೀತಿಯದು. ವೈದ್ಯಕೀಯಕ್ಕೆ ಅಂಕಗಳು ಸಾಲವು. ಇಂಜಿನಿಯರಿಂಗಿಗೆ ಸೀಟು ಸಿಕ್ಕಿದರೂ ಮುಂದೆ ಕೆಲಸ ಸಿಕ್ಕೀತೆಂಬ ಧೈರ್ಯವಿಲ್ಲ. ಅಷ್ಟರಲ್ಲಿ ಯಾರೋ ಒಬ್ಬರು ಬಣ್ಣದ ಚೀಟಿಯೊಂದನ್ನು ತಂದುಕೊಡುತ್ತಾರೆ. ಅದರ ಮೇಲೆ ವಿಮಾನದ ಚಿತ್ರ, ಕೆಳಗೆ ‘ವಿಮಾನ ನಿರ್ವಹಣಾ ಇಂಜಿನಿಯರ್ ಆಗಿರಿ’ ಎಂಬ ಕರೆ, ಇನ್ನೂ ಕೆಳಗೆ ‘ಟೈಪ್ ರೇಟಿಂಗ್ ಸಹಿತ’ ಎಂಬ ಎರಡು ಮಾತು. ಈ ಎರಡು ಮಾತಿಗಾಗಿ ಊರಿನ ಜಮೀನು ಮಾರಲು, ಮನೆಯಾಕೆಯ ಬಳೆಗಳನ್ನು ಅಡವಿಡಲು ಹೊರಟವರನ್ನೂ ನಾವು ಬಲ್ಲೆವು. ಆದುದರಿಂದ ಈ ಸಲದ ಅಂಕಣದಲ್ಲಿ ಟೈಪ್ ರೇಟಿಂಗ್ ಎಂದರೇನು, ಅದು ಯಾರಿಗೆ ಬೇಕು, ಯಾವಾಗ ಬೇಕು ಎಂಬುದನ್ನು ವಿಚಾರಮಾಡೋಣ.

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಕಾಲೇಜಿನಲ್ಲಿ ಏರೋನಾಟಿಕಲ್ ಇಂಜಿನಿಯರಿಂಗ್ ಓದಿ ಪದವಿ ಪಡೆಯುವುದು ಬೇರೆ. ವಿಮಾನ ನಿರ್ವಹಣೆಯ ಲೈಸೆನ್ಸು ಪಡೆಯುವುದು ಬೇರೆ. ಪದವೀಧರನು ವಿಮಾನದ ರೆಕ್ಕೆಯನ್ನು ಲೆಕ್ಕಹಾಕಿ ರೂಪಿಸಬಲ್ಲನು. ಆದರೆ ದುರಸ್ತಿಯಾಗಿ ನಿಂತ ವಿಮಾನವನ್ನು ನೋಡಿ, ‘ಇದು ಹಾರಲು ಯೋಗ್ಯ’ ಎಂದು ಪುಸ್ತಕದಲ್ಲಿ ರುಜು ಹಾಕುವ ಹಕ್ಕು ಅವನಿಗೆ ಪದವಿಯಿಂದ ಬರುವುದಿಲ್ಲ. ಆ ಹಕ್ಕು ಲೈಸೆನ್ಸಿನಿಂದ ಬರುತ್ತದೆ. ನಮ್ಮ ದೇಶದಲ್ಲಿ ಲೈಸೆನ್ಸು ಕೊಡುವವರು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದವರು, ಎಂದರೆ ಡಿ.ಜಿ.ಸಿ.ಎ. ಅದರ ನಿಯಮಾವಳಿಗೆ ಸಿ.ಎ.ಆರ್. 66 ಎಂದು ಹೆಸರು. ಯುರೋಪಿನ ಪಾರ್ಟ್ 66 ಎಂಬ ನಿಯಮಾವಳಿಯ ಮಾದರಿಯಲ್ಲೇ ಅದು ರಚಿತವಾಗಿದೆ.

ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಓದಿದ ಹುಡುಗನಾಗಲಿ ಹುಡುಗಿಯಾಗಲಿ ಈ ದಾರಿ ಹಿಡಿಯಬಹುದು. ಸಿ.ಎ.ಆರ್. 147 ಎಂಬ ನಿಯಮದಂತೆ ಮನ್ನಣೆ ಪಡೆದ ಶಾಲೆಯಲ್ಲಿ ತರಬೇತು ಮುಗಿಸಿ, ಹಾರುವ ಸ್ಥಿತಿಯಲ್ಲಿರುವ ವಿಮಾನಗಳ ಮೇಲೆ ಎರಡು ವರ್ಷ ಕೈಯಾರೆ ಕೆಲಸಮಾಡಿ, ಗಣಿತದಿಂದ ಹಿಡಿದು ವಿಮಾನದ ಕಾನೂನಿನವರೆಗೆ ಹಲವು ವಿಷಯಗಳ ಪರೀಕ್ಷೆಗಳನ್ನು ಪಾಸುಮಾಡಬೇಕು. ಪ್ರತಿಯೊಂದರಲ್ಲೂ ನೂರಕ್ಕೆ 75 ಬರಬೇಕು. ಮೂವತ್ತೈದಕ್ಕೆ ಪಾಸು ಎಂಬ ಪದ್ಧತಿ ಇಲ್ಲಿ ಇಲ್ಲ. ಇರಬೇಕಾದ್ದೂ ಇಲ್ಲ. ವಿಮಾನದ ಚಕ್ರವನ್ನು ನೂರಕ್ಕೆ ಮೂವತ್ತೈದರಷ್ಟು ಸರಿಯಾಗಿ ಕೂರಿಸಿದವನನ್ನು ನಂಬಿ ನಾವು ಹತ್ತುತ್ತೇವೆಯೇ?

ಲೈಸೆನ್ಸಿನಲ್ಲಿ ವಿಭಾಗಗಳುಂಟು. ‘ಬಿ1’ ಎಂಬುದು ವಿಮಾನದ ಒಡಲು, ಇಂಜಿನು, ಯಾಂತ್ರಿಕ ಮತ್ತು ವಿದ್ಯುತ್ ವ್ಯವಸ್ಥೆಗಳಿಗೆ ಸಂಬಂಧಿಸಿದ್ದು. ಅದರಲ್ಲಿಯೂ ಟರ್ಬೈನ್ ಇಂಜಿನಿನ ವಿಮಾನಕ್ಕೆ ಬಿ1.1, ಪಿಸ್ಟನ್ ವಿಮಾನಕ್ಕೆ ಬಿ1.2, ಹೆಲಿಕಾಪ್ಟರುಗಳಿಗೆ ಬಿ1.3 ಮತ್ತು ಬಿ1.4 ಎಂದು ಒಳಭೇದ. ‘ಬಿ2’ ಎಂಬುದು ರೇಡಿಯೋ, ರಾಡಾರ್, ಸ್ವಯಂಚಾಲಕ, ಕಂಪ್ಯೂಟರು ಮುಂತಾದ ಎಲೆಕ್ಟ್ರಾನಿಕ್ ವ್ಯವಸ್ಥೆಗಳಿಗೆ. ‘ಎ’ ಎಂಬುದು ಚಿಕ್ಕಪುಟ್ಟ ಗೊತ್ತಾದ ಕೆಲಸಗಳಿಗೆ. ‘ಸಿ’ ಎಂಬುದು ಹ್ಯಾಂಗರಿನಲ್ಲಿ ದೊಡ್ಡ ತಪಾಸಣೆ ಮುಗಿದ ಮೇಲೆ ಇಡೀ ವಿಮಾನವನ್ನು ಬಿಡುಗಡೆ ಮಾಡುವ ಹಿರಿಯರಿಗೆ.

ಇಷ್ಟೆಲ್ಲ ಆಗಿ ಬಿ1 ಅಥವಾ ಬಿ2 ಲೈಸೆನ್ಸು ಕೈಗೆ ಬಂದಿತೆನ್ನಿ. ಮನೆಯಲ್ಲಿ ಪಾಯಸ ಮಾಡುವುದು ನ್ಯಾಯವೇ. ಆದರೆ ಆ ಲೈಸೆನ್ಸನ್ನು ಹಿಡಿದು ಸಾಂತಾಕ್ರೂಜಿನ ವಿಮಾನ ನಿಲ್ದಾಣಕ್ಕೆ ಹೋದರೆ ಅಲ್ಲಿ ನಿಂತ ಒಂದು ದೊಡ್ಡ ಜೆಟ್ ವಿಮಾನಕ್ಕೂ ಅವನು ರುಜು ಹಾಕುವಂತಿಲ್ಲ. ಲೈಸೆನ್ಸು ಹೇಳುವುದು ‘ಇವನು ವಿಮಾನಗಳನ್ನು ಬಲ್ಲನು’ ಎಂದು ಮಾತ್ರ. ‘ಈ ವಿಮಾನವನ್ನು ಬಲ್ಲನು’ ಎಂದು ಹೇಳುವುದೇ ಟೈಪ್ ರೇಟಿಂಗ್. ಸಣ್ಣ ಸರಳ ವಿಮಾನಗಳನ್ನು ಗುಂಪುಗೂಡಿಸಿ ಒಟ್ಟಿಗೆ ರೇಟಿಂಗ್ ಕೊಡುವ ಪದ್ಧತಿ ಉಂಟು. ದೊಡ್ಡ ಜಟಿಲ ವಿಮಾನಗಳಿಗೆ ಮಾತ್ರ ಒಂದೊಂದಕ್ಕೂ ಪ್ರತ್ಯೇಕವಾಗಿ ಪಡೆಯಬೇಕು.

ಅಡಿಗೆ ಬಲ್ಲವಳಿಗೆ ಯಾವ ಮನೆಯ ಒಲೆಯಾದರೇನು ಎಂದು ಕೇಳಬಹುದು. ನಿಜ, ಆದರೆ ಎಂಥ ನುರಿತ ಗೃಹಿಣಿಯೂ ಬೇರೆ ಮನೆಯ ಅಡಿಗೆಮನೆಗೆ ಹೊಕ್ಕಾಗ ಉಪ್ಪಿನ ಡಬ್ಬಿ ಯಾವುದು, ಸೋಡದ ಡಬ್ಬಿ ಯಾವುದು ಎಂದು ಒಮ್ಮೆ ಕೇಳಿಯೇ ಕೈಹಾಕುತ್ತಾಳೆ. ವಿಮಾನಗಳ ನಡುವಿನ ಭೇದವಾದರೋ ಡಬ್ಬಿಗಳ ಭೇದಕ್ಕಿಂತ ಎಷ್ಟೋ ದೊಡ್ಡದು. ಬೋಯಿಂಗ್ 737ರಲ್ಲಿ ಪೈಲಟನು ಹಿಡಿದ ಚುಕ್ಕಾಣಿಯಿಂದ ಉಕ್ಕಿನ ಹುರಿಗಳೂ ರಾಟೆಗಳೂ ಹೊರಟು, ಹೈಡ್ರಾಲಿಕ್ ಒತ್ತಡದ ನೆರವಿನಿಂದ ರೆಕ್ಕೆಯ ಫಲಕಗಳನ್ನು ಅಲ್ಲಾಡಿಸುತ್ತವೆ. 1988ರಲ್ಲಿ ಸೇವೆಗೆ ಬಂದ ಏರ್‌ಬಸ್ ಎ320ರಲ್ಲಿ ಪೈಲಟನ ಪಕ್ಕದ ಚಿಕ್ಕ ಹಿಡಿಯು ಕಂಪ್ಯೂಟರುಗಳಿಗೆ ವಿದ್ಯುತ್ ಸಂಕೇತ ಕಳಿಸುತ್ತದೆ. ಕಂಪ್ಯೂಟರುಗಳು ಫಲಕಗಳಿಗೆ ಆಜ್ಞೆಮಾಡುತ್ತವೆ. ಒಂದರಲ್ಲಿ ಹುರಿ ಸಡಿಲವಾಯಿತೇ ಎಂದು ನೋಡಬೇಕು. ಇನ್ನೊಂದರಲ್ಲಿ ಯಾವ ಕಂಪ್ಯೂಟರು ಯಾವುದರೊಡನೆ ಭಿನ್ನಾಭಿಪ್ರಾಯಪಟ್ಟಿದೆ ಎಂದು ಓದಬೇಕು. ಬೋಯಿಂಗ್ 787ರ ಸಂಗತಿ ಇನ್ನೂ ಬೇರೆ. ಉಳಿದ ಜೆಟ್ ವಿಮಾನಗಳು ಒಳಗಿನ ಜನರ ಉಸಿರಾಟದ ಗಾಳಿಯನ್ನು ಇಂಜಿನಿನಿಂದ ತೆಗೆದುಕೊಂಡರೆ, ಇದು ವಿದ್ಯುತ್ ಸಂಪೀಡಕಗಳಿಂದ ಪಡೆಯುತ್ತದೆ. ಇದರ ಬ್ರೇಕುಗಳೂ ವಿದ್ಯುತ್ತಿನವೇ. ಇದರ ತೂಕದಲ್ಲಿ ಅರ್ಧದಷ್ಟು ಇಂಗಾಲದ ನಾರಿನ ಸಂಯುಕ್ತ ವಸ್ತು. ಅಲ್ಯೂಮಿನಿಯಂ ತಗಡಿಗೆ ಏಟು ಬಿದ್ದರೆ ತಗ್ಗು ಕಾಣುತ್ತದೆ. ಸಂಯುಕ್ತ ವಸ್ತುವಿಗೆ ಏಟು ಬಿದ್ದರೆ ಕೆಲವು ವೇಳೆ ಹೊರಗೆ ಗುರುತೇ ಇರದು, ಒಳಗಿನ ಪದರ ಬಿಟ್ಟುಹೋಗಿರುತ್ತದೆ. ಬಲ್ಲವನು ಮಾತ್ರ ಅದನ್ನು ಹುಡುಕಿಯಾನು.

ಟೈಪ್ ರೇಟಿಂಗಿನಲ್ಲಿ ವಿಮಾನದ ಹೆಸರೊಂದೇ ಸಾಲದು. ಇಂಜಿನಿನ ಹೆಸರೂ ಇರುತ್ತದೆ. ಎ319, ಎ320, ಎ321 ಇವು ಅಣ್ಣತಮ್ಮಂದಿರಿದ್ದಂತೆ. ಅವನ್ನು ಒಟ್ಟಾಗಿ ಎಣಿಸುತ್ತಾರೆ. ಆದರೆ ಅದೇ ವಿಮಾನಕ್ಕೆ ಸಿ.ಎಫ್.ಎಂ.56 ಇಂಜಿನು ಇದ್ದರೆ ಒಂದು ರೇಟಿಂಗ್, ವಿ2500 ಇದ್ದರೆ ಇನ್ನೊಂದು, ಹೊಸ ಕಾಲದ ಪಿ.ಡಬ್ಲ್ಯು.1100ಜಿ ಇದ್ದರೆ ಮತ್ತೊಂದು, ಲೀಪ್-1ಎ ಇದ್ದರೆ ಮಗದೊಂದು. ಕಾರಣವಿಲ್ಲದೆ ಇಲ್ಲ. ಪಿ.ಡಬ್ಲ್ಯು.1100ಜಿ ಇಂಜಿನಿನಲ್ಲಿ ಮುಂದಿನ ದೊಡ್ಡ ಫ್ಯಾನಿಗೂ ಹಿಂದಿನ ಟರ್ಬೈನಿಗೂ ನಡುವೆ ಹಲ್ಲುಚಕ್ರಗಳ ಪೆಟ್ಟಿಗೆಯೊಂದಿದೆ. ಲೀಪಿನಲ್ಲಿ ಅದು ಇಲ್ಲ. ಹೊರಗಿನಿಂದ ನೋಡುವ ನಮಗೆ ಎರಡೂ ಒಂದೇ. ಆದರೂ ಒಂದನ್ನು ಬಲ್ಲವನು ಇನ್ನೊಂದನ್ನು ಮೊದಲಿನಿಂದ ಕಲಿಯಬೇಕಾಗಿಲ್ಲ. ವ್ಯತ್ಯಾಸವನ್ನಷ್ಟೇ ಕಲಿಸುವ ಕಿರು ತರಗತಿಗಳುಂಟು.

ಈ ಶಿಕ್ಷಣದಲ್ಲಿ ಎರಡು ಭಾಗ. ಒಂದು ಪಾಠ, ಇನ್ನೊಂದು ಕೈಕೆಲಸ. ಮೂವತ್ತು ಸಾವಿರ ಕಿಲೋಗ್ರಾಮಿಗಿಂತ ಹೆಚ್ಚು ತೂಕದ ಟರ್ಬೈನ್ ವಿಮಾನಕ್ಕೆ ಬಿ1.1 ವಿಭಾಗದವರು ಕನಿಷ್ಠ 150 ಗಂಟೆ ಪಾಠ ಕೇಳಬೇಕೆಂದು ಯುರೋಪಿನ ನಿಯಮ ಹೇಳುತ್ತದೆ. ಪಾಠದ ಕ್ರಮವೂ ಚೆನ್ನಾಗಿದೆ. ಯಾವ ಕಂಪನಿಯ ದೊಡ್ಡ ವಿಮಾನವೇ ಆಗಲಿ, ಕೈಪಿಡಿಯ ಅಧ್ಯಾಯಗಳಿಗೆ ಒಂದೇ ಸಂಖ್ಯೆ: 24 ವಿದ್ಯುತ್ತು, 27 ಹಾರಾಟದ ನಿಯಂತ್ರಣ, 28 ಇಂಧನ, 29 ಹೈಡ್ರಾಲಿಕ್ಸ್, 32 ಚಕ್ರ ಮತ್ತು ಬ್ರೇಕು. ಆದುದರಿಂದ ಒಂದು ವಿಮಾನವನ್ನು ಶ್ರದ್ಧೆಯಿಂದ ಕಲಿತವನಿಗೆ ಎರಡನೆಯದರಲ್ಲಿ ದಾರಿ ತಪ್ಪುವುದಿಲ್ಲ. ಪಂಚಾಂಗ ಓದಲು ಕಲಿತವನಿಗೆ ಮುಂದಿನ ವರ್ಷದ ಪಂಚಾಂಗ ಹೊಸದಲ್ಲವಷ್ಟೆ. ಆಯಾ ವಿಭಾಗದಲ್ಲಿ ಮೊಟ್ಟಮೊದಲ ಟೈಪ್ ಪಡೆಯುವವನು ಇದರ ಮೇಲೆ ಇನ್ನೂ ಒಂದು ಕೆಲಸಮಾಡಬೇಕು. ಹಿರಿಯರ ಕಣ್ಣೆದುರಿಗೆ, ನಿಜವಾದ ವಿಮಾನದ ಮೇಲೆ, ಗೊತ್ತುಪಡಿಸಿದ ಕೆಲಸಗಳನ್ನು ಒಂದೊಂದಾಗಿ ಮಾಡಿ, ಪುಸ್ತಕದಲ್ಲಿ ಬರೆಸಿಕೊಳ್ಳಬೇಕು.

ಇಲ್ಲಿಗೂ ಮುಗಿಯಲಿಲ್ಲ. ಲೈಸೆನ್ಸು ಮೊದಲ ಮೆಟ್ಟಿಲು, ಟೈಪ್ ರೇಟಿಂಗ್ ಎರಡನೆಯದು. ಮೂರನೆಯದು ಕೆಲಸ ಕೊಟ್ಟ ಸಂಸ್ಥೆ ಬರೆದುಕೊಡುವ ಅಧಿಕಾರಪತ್ರ. ಅದು ಬಂದ ಮೇಲೆಯೇ ಇಂಜಿನಿಯರು ಆ ಸಂಸ್ಥೆಯ ವಿಮಾನಕ್ಕೆ ರುಜು ಹಾಕಬಹುದು. ಹಕ್ಕು ಉಳಿಯುವುದಕ್ಕೂ ಒಂದು ನಿಯಮವುಂಟು: ಹಿಂದಿನ ಎರಡು ವರ್ಷಗಳಲ್ಲಿ ಆರು ತಿಂಗಳಾದರೂ ನಿರ್ವಹಣೆಯ ಕೆಲಸದ ಅನುಭವವಿರಬೇಕು. ಪೆಟ್ಟಿಗೆಯಲ್ಲಿಟ್ಟ ರೇಷ್ಮೆಸೀರೆ ಹತ್ತು ವರ್ಷವಾದರೂ ಸೀರೆಯೇ. ಬಳಸದ ಪರಿಣತಿ ಮಾತ್ರ ಹಾಗಲ್ಲ.

ಇಷ್ಟು ಕಟ್ಟುಪಾಡು ಯಾತಕ್ಕೆಂದು ಕೇಳುವವರಿಗೆ ಎರಡು ಘಟನೆಗಳನ್ನು ಹೇಳಬೇಕು. 1990ರ ಜೂನ್ 10ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಸ್ಪೇನಿನ ಮಾಲಗಾ ಊರಿಗೆ ಬ್ರಿಟಿಷ್ ಏರ್‌ವೇಸಿನ ಬಿ.ಎ.ಸಿ. ಒನ್-ಇಲೆವೆನ್ ವಿಮಾನವೊಂದು 87 ಜನರನ್ನು ಹೊತ್ತು ಹೊರಟಿತು. ಹದಿನೇಳು ಸಾವಿರ ಅಡಿಯ ಮೇಲೆ ಏರುತ್ತಿದ್ದಾಗ ಪೈಲಟನ ಎದುರಿನ ಗಾಜು ಕಿತ್ತು ಹಾರಿತು. ಕ್ಯಾಪ್ಟನ್ನನ ಅರ್ಧ ದೇಹ ಕಿಟಕಿಯಿಂದ ಹೊರಕ್ಕೆ ಸೆಳೆಯಲ್ಪಟ್ಟಿತು. ಒಳಗಿದ್ದ ಸಿಬ್ಬಂದಿ ಅವನ ಕಾಲುಗಳನ್ನು ಹಿಡಿದುಕೊಂಡೇ ಇದ್ದರು. ಸಹಪೈಲಟನು ಸೌತ್‌ಹ್ಯಾಂಪ್ಟನ್ನಿನಲ್ಲಿ ವಿಮಾನವನ್ನು ಇಳಿಸಿದನು. ದೇವರ ದಯೆ, ಎಲ್ಲರೂ ಬದುಕಿದರು. ವಿಚಾರಣೆಯಲ್ಲಿ ಕಂಡದ್ದೇನು? ಅದಕ್ಕೆ ಮುಂಚಿನ ಒಂದು ರಾತ್ರಿಪಾಳಿಯಲ್ಲಿ ಆ ಗಾಜನ್ನು ಬದಲಿಸಿದ್ದರು. ಕೂರಿಸಿದ 90 ಬೋಲ್ಟುಗಳಲ್ಲಿ 84 ಬೋಲ್ಟುಗಳು ಇರಬೇಕಾದ್ದಕ್ಕಿಂತ ಸಪುರ, ಮಿಲಿಮೀಟರಿನ ಮುಕ್ಕಾಲು ಭಾಗಕ್ಕೂ ಕಡಿಮೆ ಅಂತರ. ಉಳಿದ ಆರು ಗಿಡ್ಡ. ಕೆಲಸಮಾಡಿದವನು ಹೊಸಬನಲ್ಲ, ಅನುಭವಸ್ಥ, ಪಾಳಿಯ ಮುಖ್ಯಸ್ಥ. ಬಿಡಿಭಾಗಗಳ ಪುಸ್ತಕವನ್ನು ತೆರೆಯದೆ ಹಳೆಯ ಬೋಲ್ಟಿನ ಪಕ್ಕದಲ್ಲಿ ಹೊಸದನ್ನು ಹಿಡಿದು ಕಣ್ಣಳತೆಯಿಂದ ಆರಿಸಿದ್ದನು.

ಎರಡನೆಯದು 2001ರ ಆಗಸ್ಟ್ 24ರ ಸಂಗತಿ. ಕೆನಡಾದ ಟೊರಾಂಟೋದಿಂದ ಲಿಸ್ಬನ್ನಿಗೆ 306 ಜನರೊಡನೆ ಹೊರಟ ಏರ್ ಟ್ರಾನ್ಸಾಟ್ ಸಂಸ್ಥೆಯ ಏರ್‌ಬಸ್ ಎ330 ವಿಮಾನದ ಬಲಗಡೆಯ ಇಂಜಿನನ್ನು ಕೆಲವು ದಿನಗಳ ಹಿಂದೆ ಬದಲಿಸಿದ್ದರು. ಇಂಜಿನಿನ ಜಾತಿ ಒಂದೇ, ಆದರೆ ಹೊಸದಾಗಿ ಬಂದದ್ದು ಹಳೆಯ ರೂಪದ್ದು. ಒಂದು ಸುಧಾರಣೆ ಅದಕ್ಕೆ ಆಗಿರಲಿಲ್ಲ. ಸುಧಾರಣೆಯಾದ ಭಾಗವೂ ಆಗದ ಭಾಗವೂ ಒಂದೆಡೆ ಸೇರಿ, ಹೈಡ್ರಾಲಿಕ್ ಕೊಳವೆ ಇಂಧನದ ಕೊಳವೆಗೆ ತಾಗಿತು. ತಾಗಿದ್ದು ಉಜ್ಜಿತು, ಉಜ್ಜಿದ್ದು ಸೀಳಿತು. ಅಟ್ಲಾಂಟಿಕ್ ಸಾಗರದ ಮೇಲೆ ನಡುರಾತ್ರಿಯ ಹೊತ್ತಿನಲ್ಲಿ ಇಂಧನ ಸೋರತೊಡಗಿತು. ಸೋರಿಕೆಯೆಂದು ತಿಳಿಯುವುದರಲ್ಲಿ ಪೈಲಟರಿಗೂ ತಡವಾಯಿತು. ಕೊನೆಗೆ ಎರಡೂ ಇಂಜಿನುಗಳು ನಿಂತುಹೋದವು. ಪೈಲಟರು ಆ ಮಹಾ ವಿಮಾನವನ್ನು ಗಾಳಿಪಟದಂತೆ ತೇಲಿಸಿಕೊಂಡು ಬಂದು ಅಝೋರ್ಸ್ ದ್ವೀಪಗಳ ಲಾಜೆಸ್ ನಿಲ್ದಾಣದಲ್ಲಿ ಇಳಿಸಿದರು. ಅಲ್ಲಿಯೂ ಎಲ್ಲರೂ ಉಳಿದರು.

ಈ ಎರಡರಲ್ಲಿಯೂ ನಮಗೆ ಕಾಣುವ ಪಾಠ ಒಂದೇ. ‘ಇಂಥದನ್ನು ಎಷ್ಟೋ ಮಾಡಿದ್ದೇನೆ’ ಎಂಬ ಅಭಿಮಾನ ಅಡಿಗೆಮನೆಯಲ್ಲಿ ನಡೆದೀತು, ಹ್ಯಾಂಗರಿನಲ್ಲಿ ನಡೆಯದು. ಟೈಪ್ ರೇಟಿಂಗ್ ಇದ್ದ ಮಾತ್ರಕ್ಕೆ ತಪ್ಪು ಆಗುವುದಿಲ್ಲವೆಂದು ನಾವು ಹೇಳೆವು. ಆದರೆ ಆ ಶಿಕ್ಷಣದ ತಿರುಳು ಇದು: ನಿನಗೆ ಗೊತ್ತಿರುವುದು ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ತಿಳಿ, ಅಲ್ಲಿಂದ ಮುಂದೆ ಪುಸ್ತಕ ತೆರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಈ ವೃತ್ತಿಗೆ ಒಪ್ಪಿದಷ್ಟು ಇನ್ನಾವುದಕ್ಕೂ ಒಪ್ಪಲಾರದು.

ಇನ್ನು ಹಣದ ಮಾತು. ದೊಡ್ಡ ವಿಮಾನದ ಟೈಪ್ ಶಿಕ್ಷಣಕ್ಕೆ ಲಕ್ಷಗಟ್ಟಲೆ ಖರ್ಚು. ಸಾಮಾನ್ಯವಾಗಿ ವಿಮಾನ ಕಂಪನಿಗಳು ತಮ್ಮಲ್ಲಿ ಕೆಲಸಕ್ಕಿರುವವರನ್ನು ತಮಗೆ ಬೇಕಾದ ವಿಮಾನಕ್ಕೆ ತಾವೇ ಕಳಿಸಿ ಕಲಿಸುತ್ತವೆ. ಇಷ್ಟು ವರ್ಷ ನಮ್ಮಲ್ಲೇ ಇರಬೇಕೆಂದು ಕರಾರು ಬರೆಸಿಕೊಳ್ಳುವುದೂ ಉಂಟು. ಸ್ವಂತ ಹಣದಿಂದ ಕಲಿತವರಿಗೂ ಕೆಲಸ ಸಿಕ್ಕ ನಿದರ್ಶನಗಳಿವೆ. ಆದರೆ ಇಲ್ಲಿ ಒಂದು ಅಪಾಯ ಅಡಗಿದೆ. ರೇಟಿಂಗ್ ಎಂಬುದು ಯಂತ್ರಕ್ಕೆ ಕಟ್ಟಿದ ವಿದ್ಯೆ. ಯಂತ್ರದ ಅದೃಷ್ಟವೇ ವಿದ್ಯೆಯ ಅದೃಷ್ಟ.

ಒಂದು ಕಾಲಕ್ಕೆ ನಮ್ಮ ದೇಶದ ಆಕಾಶದಲ್ಲಿ ಡಕೋಟಾ, ವೈಕೌಂಟ್, ಫಾಕರ್ ಫ್ರೆಂಡ್‌ಶಿಪ್, ಆವ್ರೋ ವಿಮಾನಗಳು ಹಾರಾಡುತ್ತಿದ್ದವು. ಅವನ್ನು ಅಂಗೈನೆಲ್ಲಿಯಂತೆ ಬಲ್ಲ ಇಂಜಿನಿಯರುಗಳು ಇದ್ದರು. ವಿಮಾನಗಳು ಹೋದವು; ಕಾಗದದಲ್ಲಿ ರೇಟಿಂಗ್ ಉಳಿಯಿತು. ಏರ್ ಇಂಡಿಯಾದ ಕೊನೆಯ ಬೋಯಿಂಗ್ 747 ಮುಂಬಯಿಯನ್ನು ಬಿಟ್ಟದ್ದು 2024ರಲ್ಲಿ. ಜೆಟ್ ಏರ್‌ವೇಸ್ 2019ರ ಏಪ್ರಿಲಿನಲ್ಲಿ ಹಾರಾಟ ನಿಲ್ಲಿಸಿದಾಗ ಬೋಯಿಂಗ್ 737 ಬಲ್ಲ ಅನೇಕರು ಒಮ್ಮೆಗೇ ಬೀದಿಗೆ ಬಂದರು. ದೇಶದ ಅತಿ ದೊಡ್ಡ ಕಂಪನಿಯಾದ ಇಂಡಿಗೋದಲ್ಲಿ ಇದ್ದದ್ದು ಹೆಚ್ಚಾಗಿ ಏರ್‌ಬಸ್. ಪಿ.ಡಬ್ಲ್ಯು.1100ಜಿ ಇಂಜಿನುಗಳ ತೊಂದರೆಯಿಂದ ಹಲವು ವಿಮಾನಗಳು ನೆಲಹಿಡಿದವು. ಆ ಇಂಜಿನುಗಳನ್ನೇ ನಂಬಿದ್ದ ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ನಿಂತಿತು. ಹಾಗೆಂದು ಎದೆಗುಂದಬೇಕಾಗಿಲ್ಲ. 2022ರ ಆಗಸ್ಟಿನಲ್ಲಿ ಆಕಾಸಾ ಏರ್ ಎಂಬ ಹೊಸ ಕಂಪನಿ ಹೊಸ ಬಗೆಯ 737ಗಳನ್ನೇ ಹಿಡಿದು ಹೊರಟಿತು. ಹಳೆಯ 737 ಬಲ್ಲವರ ವಿದ್ಯೆಗೆ ವ್ಯತ್ಯಾಸದ ಪಾಠವೊಂದನ್ನು ಸೇರಿಸಿದರೆ ಮತ್ತೆ ಬೆಲೆ ಬರುವಂತಾಯಿತು. ಏಳುಬೀಳು ಈ ವೃತ್ತಿಯ ಗುಣ.

ಇದನ್ನೆಲ್ಲ ತೂಗಿನೋಡಿ ತಾಯಿತಂದೆಗಳಿಗೆ ನಾವು ಹೇಳುವುದಿಷ್ಟು. ಮೊದಲನೆಯದಾಗಿ, ಶಾಲೆಗೆ ಹಣ ಕಟ್ಟುವ ಮುನ್ನ ಅದರ ಹೆಸರು ಡಿ.ಜಿ.ಸಿ.ಎ.ಯ ಮನ್ನಣೆಯ ಪಟ್ಟಿಯಲ್ಲಿದೆಯೇ, ಯಾವ ವಿಭಾಗಕ್ಕೆ ಮನ್ನಣೆ, ಅದು ಈ ಹೊತ್ತು ಜಾರಿಯಲ್ಲಿದೆಯೇ ಎಂದು ನೀವೇ ನೋಡಿರಿ. ಕಾರ್ಯಾಲಯದ ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟನ್ನು ನೋಡಿ ತೃಪ್ತರಾಗಬೇಡಿರಿ. ಎರಡನೆಯದಾಗಿ, ಎರಡು ವರ್ಷದ ಕೈಕೆಲಸವನ್ನು ಎಲ್ಲಿ, ಯಾವ ವಿಮಾನದ ಮೇಲೆ ಮಾಡಿಸುತ್ತಾರೆಂದು ಬರೆವಣಿಗೆಯಲ್ಲಿ ಕೇಳಿರಿ. ಬಾಯಿಮಾತಿಗೆ ಬೆಲೆಯಿಲ್ಲ. ಮೂರನೆಯದಾಗಿ, ಮೂಲ ಲೈಸೆನ್ಸು ಕೈಗೆ ಬರುವ ಮುನ್ನ ಟೈಪ್ ರೇಟಿಂಗಿನ ಹೆಸರಿನಲ್ಲಿ ಒಂದು ರೂಪಾಯಿಯನ್ನೂ ಕೊಡಬೇಡಿರಿ. ಅದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. ನಾಲ್ಕನೆಯದಾಗಿ, ಲೈಸೆನ್ಸು ಬಂದ ಮೇಲೆಯೂ ಮೊದಲು ಕೆಲಸಕ್ಕೆ ಸೇರಲು ನೋಡಿರಿ. ಸಂಬಳ ಕಡಿಮೆಯಾದರೂ ಚಿಂತೆಯಿಲ್ಲ. ಕಂಪನಿಗೆ ಯಾವ ವಿಮಾನ ಬೇಕೋ ಅದನ್ನೇ ಕಲಿಯುವುದು ಜಾಣತನ. ಸ್ವಂತ ಹಣದಿಂದಲೇ ಕಲಿಯಬೇಕಾಗಿ ಬಂದರೆ, ಪಾಠದ ಜೊತೆಗೆ ವಿಮಾನದ ಮೇಲಿನ ಕೈಕೆಲಸವೂ ಸೇರಿದೆಯೇ ಎಂದು ಖಚಿತಮಾಡಿಕೊಳ್ಳಿರಿ. ಪಾಠ ಮಾತ್ರ ಕೇಳಿ ಬಂದ ರಸೀತಿಯಿಂದ ರೇಟಿಂಗ್ ಹುಟ್ಟುವುದಿಲ್ಲ. ‘ಕೆಲಸ ಗ್ಯಾರಂಟಿ’ ಎಂದವರಿಗೆ ದೂರದಿಂದಲೇ ನಮಸ್ಕಾರ.

ಮಕ್ಕಳಿಗೂ ಒಂದು ಮಾತು. ಕೆಲಸ ಮಳೆಯಲ್ಲಿ, ಬಿಸಿಲಲ್ಲಿ, ಹೆಚ್ಚಾಗಿ ರಾತ್ರಿಯಲ್ಲಿ. ಹಗಲೆಲ್ಲ ಹಾರಿದ ವಿಮಾನ ರಾತ್ರಿ ತಾನೆ ಕೈಗೆ ಸಿಗುವುದು? ದೀಪಾವಳಿಯ ಎಣ್ಣೆಸ್ನಾನದ ಹೊತ್ತಿಗೆ ನೀವು ಚಕ್ರದ ಕೆಳಗೆ ಬಗ್ಗಿಕೊಂಡಿರಬೇಕಾದೀತು. ಕೈಪಿಡಿಗಳೆಲ್ಲ ಇಂಗ್ಲಿಷಿನಲ್ಲಿ, ಅವನ್ನು ಓದಿ ಅರ್ಥಮಾಡಿಕೊಳ್ಳಬಲ್ಲವನಿಗೇ ರುಜು ಹಾಕುವ ಅರ್ಹತೆ ಎಂದು ನಿಯಮವೇ ಇದೆ. ಕನ್ನಡ ಶಾಲೆಯಲ್ಲಿ ಓದಿದವರು ಇದಕ್ಕೆ ಹೆದರಬೇಕಾಗಿಲ್ಲ. ಕೈಪಿಡಿಯ ಇಂಗ್ಲಿಷು ಕಾವ್ಯದ ಇಂಗ್ಲಿಷಲ್ಲ; ಚಿಕ್ಕ ವಾಕ್ಯ, ಒಂದು ಶಬ್ದಕ್ಕೆ ಒಂದೇ ಅರ್ಥ ಎಂಬ ಕಟ್ಟಿನಲ್ಲಿ ಬರೆಯಲು ಪ್ರತ್ಯೇಕ ನಿಯಮಗಳನ್ನೇ ಮಾಡಿದ್ದಾರೆ.

ಕನ್ನಡಿಗರಿಗೆ ವಿಮಾನದ ಕೆಲಸ ಹೊಸತಲ್ಲ. ವಾಲಚಂದ ಹಿರಾಚಂದರು ಮೈಸೂರು ಸರ್ಕಾರದ ಬೆಂಬಲದೊಡನೆ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ತೆರೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಯುದ್ಧವಿಮಾನಗಳು ಅಲ್ಲಿಗೇ ದುರಸ್ತಿಗೆ ಬಂದವು. ಇಂದು ಮುಂಬಯಿಯ ಕಲೀನಾ, ದೆಹಲಿ, ಹೈದರಾಬಾದಿನ ಶಂಷಾಬಾದ್, ನಾಗಪುರ, ಬೆಂಗಳೂರಿಗೆ ಹತ್ತಿರದ ಹೊಸೂರು, ಎಲ್ಲೆಲ್ಲಿಯೂ ದೊಡ್ಡ ಹ್ಯಾಂಗರುಗಳಿವೆ.

ನಮ್ಮ ಸಂಘದ ಸದಸ್ಯರಲ್ಲಿ ಈ ವೃತ್ತಿಯವರು ಇದ್ದರೆ ಅವರಲ್ಲಿ ನಮ್ಮದೊಂದು ಬಿನ್ನಹ. ವರ್ಷಕ್ಕೊಂದು ಭಾನುವಾರ ಸಂಜೆ ಬಂದು, ಹನ್ನೆರಡನೆಯ ತರಗತಿಯ ಮಕ್ಕಳೊಡನೆಯೂ ಅವರ ತಾಯಿತಂದೆಗಳೊಡನೆಯೂ ಒಂದು ಗಂಟೆ ಕುಳಿತು ಮಾತನಾಡಿರಿ. ನಿಮ್ಮ ಒಂದು ಗಂಟೆ ಒಂದು ಮನೆಯ ಜಮೀನನ್ನು ಉಳಿಸೀತು. ಮುಂದೊಂದು ದಿನ, ನಾವೆಲ್ಲ ಊರಿಗೆ ಹೊರಟ ವಿಮಾನದ ಪುಸ್ತಕದಲ್ಲಿ, ಪುಸ್ತಕ ತೆರೆದು ನೋಡಿದ ಮೇಲೆಯೇ ರುಜು ಹಾಕುವ ಹುಡುಗನೊಬ್ಬನನ್ನೋ ಹುಡುಗಿಯೊಬ್ಬಳನ್ನೋ ನಮ್ಮವರೊಳಗಿಂದಲೇ ಕೊಟ್ಟೀತು.